ಡೈರಿ ಕ್ಯೂನಲ್ಲಿ ಆಡಿದ ಮಾತು

ಕಳೆದ ಭಾನುವಾರ ನನ್ನ ತಮ್ಮನ ಸೊಸೆ ಸಾವಿತ್ರಿ, ನಾನು ಒಳಗೆ ಬಾರದಂತೆ ಬಾಗಿಲಿಗೆ ಅಡ್ಡ ನಿಂತಳು. ಒಳಗೆ ಎಂಟು ತಿಂಗಳ ಮಗು ಮಲಗಿತ್ತು. ನಾನು ಕೇಳಿದ್ದಿಷ್ಟೇ: ಶಾಲೆಯಲ್ಲಿ ಪೋಲಿಯೊ ಹನಿ ಹಾಕುತ್ತಿದ್ದಾರೆ, ಇನ್ನೂ ಏಕೆ ಹೋಗಿಲ್ಲ?

‘ಅದಾಕುಸುದ್ರೆ ಮುಂದೆ ಮಕ್ಳಾಗಲ್ವಂತೆ ಮಾವ. ಊರೆಲ್ಲ ಅದೇ ಮಾತು.’

(ಹಿರಿಯನನ್ನು ಬಾಗಿಲಲ್ಲೇ ನಿಲ್ಲಿಸಿ ಮಾತನಾಡಿಸಿದ್ದನ್ನು ನಾನು ಮರೆಯುವವನಲ್ಲ. ಅದು ಬೇರೆ ವಿಷಯ.)

ಊರೆಂದರೆ ಯಾರು? ಹೆಸರು ಬೇಕೆಂದೆ. ಆಗ ಗಂಟೆ ಎರಡು. ಕೆ.ಆರ್. ಪೇಟೆಯಿಂದ ಬಂದಿದ್ದ ನರ್ಸ್ ಐದಕ್ಕೆ ಬಸ್ಸು ಹತ್ತುವವರು. ಪೋಲಿಯೊದಿಂದ ಕಾಲು ಸೊರಗಿದ ಹುಡುಗರನ್ನು ತರಗತಿಯಲ್ಲಿ ಕಂಡಿರುವ ನನ್ನಂಥ ಮೇಷ್ಟರಿಗೆ ಆ ಮೂರು ಗಂಟೆ ಎಷ್ಟು ಚಿಕ್ಕದು ಗೊತ್ತೇ?

ಸಾವಿತ್ರಿಗೆ ಹೇಳಿದ್ದು ಪಕ್ಕದ ಮನೆಯ ಪುಟ್ಟಮ್ಮ. ಓಲೆಯ ತಿರುಪು ಸರಿಮಾಡಿಸಲು ಹೋಗಿದ್ದ ಪುಟ್ಟಮ್ಮನಿಗೆ ಹೇಳಿದ್ದು ಅಕ್ಕಸಾಲಿ ಆಚಾರ್ರು. ನೇರ ಅವರ ಅಂಗಡಿಗೇ ಹೋಗಿ ಗದರಿದೆ. ಅವರು ಕೈಕೆಲಸ ನಿಲ್ಲಿಸಲಿಲ್ಲ.

‘ನೀವೇ ಅಲ್ವರಾ ಮೇಷ್ಟ್ರೇ ಏಳಿದ್ದು?’

‘ನಾನೇ?’

‘ಡೈರಿತಾವ, ಕ್ಯೂನಲ್ಲಿ. ಸೂಜಿ ಚುಚ್ಚುಸ್ದ ಮೇಲೆ ನಮ್ಮ ಅಸ ಬತ್ತೋಯ್ತು, ಇನ್ಮೇಲೆ ಸರ್ಕಾರದ ಔಸ್ದಿ ನಮ್ಮನೆ ಒಸ್ಲು ತುಳಿಯಂಗಿಲ್ಲ ಅಂದ್ರಿ. ಕ್ಯಾನ್ ಇಡ್ಕಂಡು ನಿಂತಿದ್ದೋರೆಲ್ಲ ಕೇಳವ್ರೆ. ಅಸದ ಆಲೇ ಬತ್ತೋದ್ರೆ ಮಕ್ಳಿಗೆ ಮುಂದೆ ವಂಶ ಬತ್ತಲ್ವಾ ಅಂದ್ಕಂಡ್ವಿ. ಓದ್ದೋರು ಸುಳ್ಳೇಳ್ತಾರಾ?’

ಅಂದದ್ದು ನಿಜ. ಕಾಲುಬಾಯಿ ಜ್ವರದ ಲಸಿಕೆಯ ನಂತರ ನಮ್ಮ ಹಸು ನಾಲ್ಕು ದಿನ ಹಾಲು ಕಡಿಮೆ ಮಾಡಿತು. ಐದನೆಯ ದಿನ ಮೊದಲಿನಂತೆಯೇ ಕೊಟ್ಟಿತು. ಮೊದಲನೆಯದನ್ನು ಕ್ಯೂನಲ್ಲಿ ನಿಂತು ಗಟ್ಟಿಯಾಗಿ ಹೇಳಿದೆ. ಎರಡನೆಯದನ್ನು ಯಾರಿಗೆ ಹೇಳಿದೆ? ಯಾರಿಗೂ ಇಲ್ಲ.

ನಾಲ್ಕರ ಹೊತ್ತಿಗೆ ಮತ್ತೆ ಸಾವಿತ್ರಿಯ ಬಾಗಿಲಲ್ಲಿದ್ದೆ. ಡೈರಿ ಕ್ಯೂನಲ್ಲಿ ಆ ಮಾತಿಗೆ ಮೊದಲಿಟ್ಟವನು ನಾನೇ, ತಪ್ಪು ನನ್ನದೆಂದೆ. ಹಸುವಿನ ಲಸಿಕೆಗೂ ಈ ಹನಿಗೂ ಸಂಬಂಧವಿಲ್ಲ, ಇದರಿಂದ ಯಾರಿಗೂ ಮಕ್ಕಳಾಗದೆ ಹೋಗುವುದಿಲ್ಲ ಎಂದೆ.

‘ಆವತ್ತೂ ಇಂಗೇ ಗಟ್ಟಿಯಾಗಿ ಏಳಿದ್ರಂತಲ್ಲ ಮಾವ.’

ಆದರೂ ಮಗುವನ್ನೆತ್ತಿಕೊಂಡು ಹೊರಟಳು. ಐದಕ್ಕೆ ಹತ್ತು ನಿಮಿಷವಿರುವಾಗ ನರ್ಸ್ ಎರಡು ಹನಿ ಬಿಟ್ಟರು. ಮಗು ಚಪ್ಪರಿಸಿತು. ಐಸ್ ಪೆಟ್ಟಿಗೆಯ ಮುಚ್ಚಳ ಬಿಗಿಯುತ್ತ ಆಕೆ ನನ್ನನ್ನು ಕೇಳಿದರು:

‘ನಿಮ್ಮ ಬೀದೀಲಿ ಇನ್ಯಾವ ಮಕ್ಳೂ ಇಲ್ವಾ ಮೇಷ್ಟ್ರೇ?’