ಲಿಂಕ್ಸ್ ಎಣಿಸಿದ ಶಿವಗಂಗಾ

ಸೇಡಂ ಕಡೆಯಿಂದ ಬಂದ ಚಂದ್ರಾಮ ಹೈದರಾಬಾದಿನ ಜೀಡಿಮೆಟ್ಲಾದ ಔಷಧ ಕಾರ್ಖಾನೆಯೊಂದರಲ್ಲಿ ಡ್ರಮ್ಮು ಉರುಳಿಸುತ್ತ ಇಪ್ಪತ್ತೆರಡು ವರ್ಷ ಕಳೆದವನು. ಅವನ ಒಬ್ಬಳೇ ಮಗಳು ಶಿವಗಂಗಾ ವನ್ಯಜೀವಿ ಶಾಸ್ತ್ರ ಓದಲು ಪೂರ್ಣ ವಿದ್ಯಾರ್ಥಿವೇತನ ಪಡೆದು ನಾರ್ವೆಗೆ ಹೊರಟಾಗ, ಆ ದೇಶ ಎಲ್ಲಿದೆಯೆಂದು ಅವರ ಗಲ್ಲಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ತಾಯಿ ಶಂಕ್ರಮ್ಮ ಮಾತ್ರ ಕೇಳಿದಳು, "ಅಷ್ಟು ದೂರ ಹೋಗಿ ಏನ್ ಮಾಡ್ತೀಯವ್ವಾ?"

"ಕಾಡಿನ ಪ್ರಾಣಿ ಎಣಿಸ್ತೀನಿ."

"ಎಣಿಸಿದ್ರ ಏನ್ ಬರ್ತೈತಿ?"

"ಎಷ್ಟು ಅದಾವಂತ ಗೊತ್ತಾದ್ರ ಉಳಿಸಾಕ ಬರ್ತೈತಿ."

ಅಲ್ಲಿನ ಮೊದಲ ಚಳಿಗಾಲದಲ್ಲಿ ಉಷ್ಣಾಂಶ ಸೊನ್ನೆಗಿಂತ ಇಪ್ಪತ್ನಾಲ್ಕು ಡಿಗ್ರಿ ಕೆಳಗಿತ್ತು. ರೆಪ್ಪೆಗೂದಲಿಗೆ ಹಿಮ ಕಟ್ಟುತ್ತಿತ್ತು. ಕಾಲಿಗೆ ಸ್ಕೀ ಕಟ್ಟಿಕೊಂಡ ಶಿವಗಂಗಾ ಹತ್ತು ಹೆಜ್ಜೆಗೊಮ್ಮೆ ಬಿದ್ದಳು, ಎದ್ದಳು, ಹದಿನೈದೇ ದಿನದಲ್ಲಿ ಬೀಳುವುದನ್ನು ಬಿಟ್ಟಳು. ಅವಳ ತಂಡ ಹುಡುಕುತ್ತಿದ್ದದ್ದು ಲಿಂಕ್ಸ್ ಎಂಬ ಕಾಡುಬೆಕ್ಕನ್ನು. ಗಿಡ್ಡ ಬಾಲ, ಕಿವಿಯ ತುದಿಗೆ ಕಪ್ಪು ಕುಚ್ಚು. ಅದು ಕಣ್ಣಿಗೆ ಬೀಳುವುದು ಬಲು ಅಪರೂಪ, ಹಿಮದ ಮೇಲಿನ ಹೆಜ್ಜೆಯೇ ಗತಿ. ಅದರಲ್ಲೂ ಮರಿಗಳು ತಾಯಿಯ ಹೆಜ್ಜೆಗುರುತಿನಲ್ಲೇ ಕಾಲಿಟ್ಟು ನಡೆಯುವುದರಿಂದ, ಮೂರು ಹೋಗಿದ್ದರೂ ಒಂದೇ ಹೋದಂತೆ ಕಾಣುತ್ತದೆ. ಬೇಲಿಯೋ ಬಿದ್ದ ಮರವೋ ಅಡ್ಡ ಬಂದಾಗ ಮರಿಗಳು ಚೆದುರುತ್ತವೆ. ಎಣಿಸಬೇಕಾದದ್ದು ಅಲ್ಲೇ.

ಫೆಬ್ರುವರಿಯ ಒಂದು ಬೆಳಿಗ್ಗೆ ಕಣಿವೆಯೊಂದರಲ್ಲಿ ಅವಳಿಗೆ ಹೆಜ್ಜೆಸಾಲು ಸಿಕ್ಕಿತು. ಹಿಂಗಾಲಿನ ಎಡ ಪಂಜದಲ್ಲಿ ಒಂದು ಬೆರಳಿನ ಗುರುತೇ ಇರಲಿಲ್ಲ. ಅವಳೂ ಮಾರ್ಗದರ್ಶಕಿ ಮಾರಿಟ್ಟಳೂ ಹನ್ನೊಂದು ಕಿಲೋಮೀಟರು ಅದರ ಬೆನ್ನು ಹತ್ತಿದರು. ಹಳ್ಳ ದಾಟುವಾಗ ಹೆಪ್ಪುಗಟ್ಟಿದ ನೀರು ಬಿರಿದು ಶಿವಗಂಗಾ ಸೊಂಟದವರೆಗೆ ಮುಳುಗಿದಳು. ಮಾರಿಟ್ ಹೊಟ್ಟೆಯ ಮೇಲೆ ಮಲಗಿ ಕೋಲು ಚಾಚಿ ಎಳೆದು ಹಾಕಿದಳು. ಹಸಿ ಬಟ್ಟೆ ಬಿಚ್ಚಿಸಿ, ತನ್ನ ಚೀಲದಲ್ಲಿದ್ದ ಉಣ್ಣೆ ಬಟ್ಟೆ ತೊಡಿಸಿ, ಪಾದ ಕಂಕುಳಲ್ಲಿಟ್ಟುಕೊಂಡು ಬಿಸಿ ಮಾಡಿದಳು.

"ಸಾಕು, ಹಿಂದಿರುಗೋಣ."

"ಸಂಜೆಗೆ ಹಿಮ ಬಿದ್ದರೆ ಗುರುತು ಮುಚ್ಚಿಹೋಗುತ್ತದೆ," ಎಂದು ಶಿವಗಂಗಾ ನಡುಗುತ್ತಲೇ ಎದ್ದಳು.

ಇನ್ನೊಂದು ಕಿಲೋಮೀಟರು ಹೋದ ಮೇಲೆ, ಕುರಿಬೇಲಿಯ ಹತ್ತಿರ ಸಾಲು ಮೂರಾಗಿ ಒಡೆದಿತ್ತು. ತಾಯಿ, ಎರಡು ಮರಿ. ಅವಳು ಅಳತೆ ತೆಗೆದಳು, ಚಿತ್ರ ತೆಗೆದಳು, ಕಾಡು ಮೊಳಗುವಂತೆ ಕೂಗಿದಳು. ಮಾರಿಟ್ ಅವಳನ್ನು ಅಪ್ಪಿಕೊಂಡು, ಹಿಮದಲ್ಲಿ ನಿಂತ ಅವಳದೊಂದು ಫೋಟೋ ತೆಗೆದಳು.

ಆ ಸೀಮೆಯಲ್ಲಿ ಇಂತಿಷ್ಟು ಲಿಂಕ್ಸ್ ಕುಟುಂಬ ಸಾಕು, ಹೆಚ್ಚಾದರೆ ಬೇಟೆಗೆ ಅನುಮತಿ ಕೊಡುವುದು ಎಂಬ ನಿಯಮ ಶಿವಗಂಗಾಳಿಗೆ ಗೊತ್ತಿಲ್ಲದ್ದೇನಲ್ಲ, ಪರೀಕ್ಷೆಯಲ್ಲಿ ಬರೆದಿದ್ದಳು. ಲಿಂಕ್ಸ್ ಬಾಯಿಗೆ ಕುರಿ ಕಳೆದುಕೊಂಡವರ ಸಂಕಟವನ್ನೂ ಕೇಳಿದ್ದಳು. ಆದರೆ ಅವಳು ಪತ್ತೆಹಚ್ಚಿದ ಕುಟುಂಬದಿಂದಲೇ ಆ ಸಂಖ್ಯೆ ಮಿತಿ ದಾಟಿತ್ತು. ಮರುವರ್ಷದ ಬೇಟೆ ಪಟ್ಟಿಯಲ್ಲಿ ಆ ಕಣಿವೆಯ ಹೆಸರಿತ್ತು.

"ನಾನು ಬರೆಯದೇ ಇದ್ದಿದ್ದರೆ?" ಎಂದು ಕೇಳಿದಳು.

ಮಾರಿಟ್ ಕಿಟಕಿಯ ಕಡೆ ನೋಡಿದಳು. "ಅದು ಸುಳ್ಳಾಗುತ್ತಿತ್ತು."

ಆ ವರ್ಷದ ಮಾರ್ಚಿನಲ್ಲಿ ಬೇಟೆಯಾದ ಪ್ರಾಣಿಗಳು ಪ್ರಯೋಗಶಾಲೆಗೆ ಬಂದವು. ತೂಗುವುದು, ವಯಸ್ಸು ತಿಳಿಯಲು ಹಲ್ಲು ಕೀಳುವುದು ವಿದ್ಯಾರ್ಥಿಗಳ ಕೆಲಸ. ಮೂರನೆಯ ದೇಹದ ಹಿಂಗಾಲು ಹಿಡಿದಾಗ ಶಿವಗಂಗಾಳ ಕೈ ನಿಂತಿತು. ಎಡ ಪಂಜದಲ್ಲಿ ಒಂದು ಬೆರಳಿರಲಿಲ್ಲ. ಒಂದು ವರ್ಷ ಅದರ ಹೆಜ್ಜೆ ಹಿಡಿದು ಓಡಾಡಿದವಳು ಅದರ ಮುಖ ಕಂಡದ್ದು ಆವತ್ತೇ, ಉಕ್ಕಿನ ಮೇಜಿನ ಮೇಲೆ.

"ಈ ವರ್ಷವೂ ಮರಿಗಳಿದ್ದವೇ?"

"ಯಾರೂ ನೋಡಿಲ್ಲ," ಎಂದಳು ಮಾರಿಟ್. "ನೀನು ಹೊರಗೆ ಹೋಗು, ನಾನು ಮಾಡುತ್ತೇನೆ."

ಶಿವಗಂಗಾ ಹೋಗಲಿಲ್ಲ. ಹಲ್ಲು ಕಿತ್ತು ಚೀಟಿ ಅಂಟಿಸಿದಳು. ಹದಿನೇಳು ಕಿಲೋ, ಹೆಣ್ಣು ಎಂದು ಬರೆದಳು. ಪದವಿ ಮುಗಿಸಿ ಮುಂದೆ ಓದಲು ಕರೆದರೂ ಒಲ್ಲೆನೆಂದು ಮನೆಗೆ ಬಂದಳು.

ಹೈದರಾಬಾದಿನಲ್ಲಿ ಕಟ್ಟಡಗಳಿಗೆ ಪರಿಸರ ವರದಿ ಬರೆದುಕೊಡುವ ಕಚೇರಿಯೊಂದು ಅವಳನ್ನು ಕೆಲಸಕ್ಕೆ ತೆಗೆದುಕೊಂಡಿತು. ಕಟ್ಟಡ ಏಳಲಿದ್ದ ಊರಾಚೆಯ ಬಂಡೆಗುಡ್ಡವೊಂದನ್ನು ಮೂರು ವಾರ ನಸುಕಿನಲ್ಲಿ ಅಲೆದು ನರಿಯ ಹಿಕ್ಕೆ, ಮುಳ್ಳುಹಂದಿಯ ಮುಳ್ಳು, ಉಡದ ಬಿಲ ಎಲ್ಲವನ್ನೂ ದಾಖಲಿಸಿದಳು. ಮ್ಯಾನೇಜರ್ ಹನುಮಂತರಾಯ ರಾಯಚೂರಿನವರು. ಕಾಗದ ನೋಡಿ ನಕ್ಕರು.

"ತಂಗೀ, ಈ ನರಿ-ಪರಿ ಯಾಕ ಬೇಕವಾ? 'ಕಾಣಲಿಲ್ಲ' ಅಂತ ಬರಿ. ಸುಳ್ಳೇನಲ್ಲಲ್ಲ, ನೀ ಕಣ್ಣಾರೆ ನರಿ ನೋಡೀಯೇನು?"

"ನರಿ ಇಲ್ದ ಹಿಕ್ಕಿ ತಾನ ಬಂದು ಬೀಳ್ತೈತೇನ್ರಿ ಸರ್?"

"ಭಾಳ ಶಾಣ್ಯಾಕಿ ಅದಿ," ಎಂದರು ಅವರು. ಅವಳು ಇದ್ದದ್ದನ್ನು ಇದ್ದಂತೆ ಬರೆದುಕೊಟ್ಟಳು. ಮೂರು ತಿಂಗಳ ಮೇಲೆ ಅಚ್ಚಾಗಿ ಬಂದ ವರದಿಯಲ್ಲಿ 'ಗಮನಾರ್ಹ ವನ್ಯಜೀವಿಗಳಿಲ್ಲ' ಎಂದಿತ್ತು. ಕೆಳಗೆ ಅವಳದೇ ಸಹಿ. ಪರಿಸರ ಇಲಾಖೆಗೆ ಎರಡು ಪತ್ರ ಬರೆದಳು, ಉತ್ತರ ಬರಲಿಲ್ಲ. ಕೆಲಸ ಬಿಟ್ಟ ವಾರದಲ್ಲೇ ಗುಡ್ಡಕ್ಕೆ ಜೆಸಿಬಿಗಳು ಬಂದವು.

"ಅಲ್ಲಿ ಖರೇ ಬರದು ಕೊಂದೆ, ಇಲ್ಲಿ ಖರೇ ಬರದ್ರೂ ಉಳೀಲಿಲ್ಲ ನೋಡಪ್ಪಾ," ಎಂದಳು ಒಮ್ಮೆ.

ಚಂದ್ರಾಮ ರಾಸಾಯನಿಕ ತಾಗಿ ಸುಲಿದ ಅಂಗೈ ನೋಡಿಕೊಂಡ. "ನಮ್ಮ ಕಾರ್ಖಾನಿಗೂ ಬರ್ತಾರವ್ವಾ ತಪಾಸಣಿ ಮಾಡವ್ರು. ಚಾ ಕುಡದು ಹೋಗ್ತಾರ."

ಈಗ ಅವಳು ಅಮೀರ್‌ಪೇಟೆಯಲ್ಲಿ ವೈದ್ಯಕೀಯ ಪ್ರವೇಶ ಪರೀಕ್ಷೆಗೆ ಪ್ರಾಣಿಶಾಸ್ತ್ರ ಹೇಳಿಕೊಡುತ್ತಾಳೆ. ಹಿಮದಲ್ಲಿ ತೆಗೆದ ಆ ಫೋಟೋವನ್ನು ಶಂಕ್ರಮ್ಮ ಚೌಕಟ್ಟು ಹಾಕಿಸಿ ಬಾಗಿಲ ಎದುರಿಗೇ ತೂಗುಹಾಕಿದ್ದಾಳೆ. ಬಂದವರಿಗೆಲ್ಲ ತೋರಿಸುತ್ತಾಳೆ: "ನಮ್ಮ ಗಂಗಾ ಬರ್ಫದಾಗ ಹುಲಿ ಎಣಿಸ್ಯಾಳ್ರಿ. ಆಕಿ ಎಣಿಸಿದ್ದಕ್ಕ ಅವು ಉಳದಾವ."

ಶಿವಗಂಗಾ ತಾಯಿಯ ಮಾತನ್ನು ತಿದ್ದುವುದಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ಹೋಗುತ್ತಾಳೆ.