ಕೀಬೋರ್ಡ್ ಯಾರಿಗೆ ಬೇಕು ಅಂತ ಕೇಳಿದವನಿಗೆ

“ಯಾರಿಗೆ ಬೇಕು ಮೇಡಂ ಈಗ ಕೀಬೋರ್ಡ್ ಫೋನು?”

ಪುತ್ತೂರಿನ ಮೊಬೈಲ್ ಅಂಗಡಿಯಾತ ನಾನು ಕೊಟ್ಟ ಫೋನನ್ನು ಸತ್ತ ಜಿರಳೆಯ ಹಾಗೆ ಎರಡು ಬೆರಳಲ್ಲಿ ಎತ್ತಿ ಹಿಡಿದು ಕೇಳಿದ. ಅಷ್ಟಕ್ಕೆ ನಿಲ್ಲಿಸಲಿಲ್ಲ. ಸ್ಕ್ರೀನ್‌ಗಾರ್ಡ್ ಹಾಕಿಸಲು ಬಂದಿದ್ದ ಇನ್ನೊಬ್ಬ ಗಿರಾಕಿಗೂ ತೋರಿಸಿದ. ಇಬ್ಬರೂ ನಕ್ಕರು. “ಮ್ಯೂಸಿಯಮ್ಮಿಗೆ ಕೊಡಿ, ಒಳ್ಳೆ ಹೆಸರು ಬರ್ತದೆ” ಎಂದ.

ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ನಾನು ಕೇಳಿದ್ದು ಅದಕ್ಕೊಂದು ಬ್ಯಾಟರಿ. ಇದ್ದರೆ ಉಂಟು ಅನ್ನಬೇಕು, ಇಲ್ಲದಿದ್ದರೆ ಇಲ್ಲ ಅನ್ನಬೇಕು. ಇದರಲ್ಲಿ ನಗುವುದಕ್ಕೆ ಏನಿದೆ? (ಅವನ ಅಂಗಡಿಯಲ್ಲಿ ನಾನು ಖರೀದಿಸಿದ ಚಾರ್ಜರ್ ಒಂದೇ ತಿಂಗಳಲ್ಲಿ ಕೈಕೊಟ್ಟಾಗ ನಾನು ನಕ್ಕಿರಲಿಲ್ಲ.)

ಆ ಫೋನು ನನ್ನದಲ್ಲ, ಭಾವನದು. ಅಕ್ಕನ ಗಂಡ. ಸುಳ್ಯದ ಕಡೆಯ ಗುತ್ತಿಗಾರಿನಿಂದ ಒಳಗೆ, ಕಾಡಿಗೆ ತಾಗಿಕೊಂಡೇ ಅವರ ಮನೆ. ಅವರ ಮನೆಯಿಂದ ಮೇಲೆ ಮತ್ತೆ ಮನೆಗಳಿಲ್ಲ. ಇರುವುದು ಆನೆಗಳು.

ಸ್ಮಾರ್ಟ್‌ಫೋನ್ ಎಂಬ ಶಬ್ದ ನಮ್ಮ ಕಡೆಗೆ ಹೊಸತಾಗಿ ಬಂದಿದ್ದ ಕಾಲ ನಿಮಗೆ ನೆನಪಿರಬಹುದು. ಮೇಲೆ ಅಂಗೈಗಿಂತ ಸಣ್ಣ ಸ್ಕ್ರೀನು, ಕೆಳಗೆ ಎ ಟು ಝಡ್ ಅಷ್ಟೂ ಅಕ್ಷರಗಳ ಪುಟ್ಟ ಪುಟ್ಟ ಬಟನ್ನುಗಳು. ಆಗ ಭಾವನೂ ನಾನೂ ಒಂದೇ ಕಂಪನಿಯ ಒಂದೇ ಸೆಟ್ ಕೊಂಡಿದ್ದೆವು. ಈಮೇಲ್ ಬರುತ್ತದಂತೆ, ಇಂಟರ್‌ನೆಟ್ ಉಂಟಂತೆ ಎಂದು ನೆಂಟರೆಲ್ಲ ಕೈಯಲ್ಲಿ ಹಿಡಿದು ನೋಡಿದ್ದೇ ನೋಡಿದ್ದು.

ಅದೇನು ದೇವರು ಕಳಿಸಿಕೊಟ್ಟ ಫೋನಾಗಿರಲಿಲ್ಲ ಬಿಡಿ. ಹೊಗಳುವವರು ಮರೆಯುತ್ತಾರೆ, ನಾನು ಮರೆತಿಲ್ಲ. ವಾರಕ್ಕೊಮ್ಮೆ ಹ್ಯಾಂಗ್ ಆಗುತ್ತಿತ್ತು. ಆಗ ಹಿಂದಿನ ಮುಚ್ಚಳ ತೆಗೆದು, ಬ್ಯಾಟರಿ ಕಿತ್ತು, ಒಮ್ಮೆ ಊದಿ, ಮತ್ತೆ ಹಾಕಬೇಕಿತ್ತು. ಸ್ಕ್ರೀನಿಗೂ ಬಟನ್ನುಗಳಿಗೂ ನಡುವೆ ಇದ್ದ ಉರುಳುವ ಗುಂಡಿಗೆ ಧೂಳು ಹೊಕ್ಕರೆ ಮೇಲೆ ಹೋಗು ಎಂದರೆ ಕೆಳಗೆ ಹೋಗುತ್ತಿತ್ತು. ಫೋಟೊ ತೆಗೆದರೆ ಮದುಮಗಳು ಯಾರು, ಮದುಮಗಳ ಅತ್ತೆ ಯಾರು ಎಂದು ತಿಳಿಯುತ್ತಿರಲಿಲ್ಲ. ಎಲ್ಲಕ್ಕಿಂತ ಸಿಟ್ಟು ಬರುವ ಸಂಗತಿ, ಅದಕ್ಕೆ ಕನ್ನಡ ಬರುತ್ತಿರಲಿಲ್ಲ. ಯಾರಾದರೂ ಕನ್ನಡದಲ್ಲಿ ಮೆಸೇಜ್ ಕಳಿಸಿದರೆ ಸಾಲಾಗಿ ಚೌಕ ಚೌಕ ಡಬ್ಬಿಗಳು ಕಾಣುತ್ತಿದ್ದವು. ನಮ್ಮ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡೇ ನಾವು ಬದುಕಿದೆವು.

ನಾನು ನಾಲ್ಕೈದು ವರ್ಷದಲ್ಲಿ ಸುಸ್ತಾಗಿ ಟಚ್ ಫೋನಿಗೆ ಬದಲಾದೆ. ಭಾವ ಬದಲಾಗಲಿಲ್ಲ. ಅವರಿಗೆ ಆ ಬಟನ್ನುಗಳಿಂದ ಒಂದು ಕೆಲಸವಿತ್ತು.

ಅವರ ಮನೆಯಿಂದ ಕೆಳಗೆ ಏಳೆಂಟು ಮನೆಗಳಿವೆ. ಬೆಳಕು ಹರಿಯುವ ಹೊತ್ತಿಗೆ ಅಲ್ಲಿನವರು ಹಾಲಿನ ಕ್ಯಾನ್ ಹಿಡಿದು ಸೊಸೈಟಿಗೆ ಹೊರಡುತ್ತಾರೆ. ಕೆಲವರು ರಬ್ಬರ್ ಟ್ಯಾಪಿಂಗಿಗೆ ಹೋಗುತ್ತಾರೆ. ಎಲ್ಲರಿಗೂ ದಾರಿ ಒಂದೇ. ಆನೆಗೂ ಅದೇ. ಹಾಗಾಗಿ ಭಾವ ಎಲ್ಲರಿಗಿಂತ ಮೊದಲು ಎದ್ದು ತೋಟದ ಅಂಚಿಗೆ ಹೋಗಿ ಕಿವಿಗೊಟ್ಟು ನಿಲ್ಲುತ್ತಾರೆ. ಯಾರೂ ವಹಿಸಿದ ಕೆಲಸವಲ್ಲ. ಆನೆಗೆ ಇಷ್ಟವಾದ ಬೈನೆ ಮರ ಸೀಳುವ ಸದ್ದು, ಬಾಳೆ ಮುರಿಯುವ ಸದ್ದು ಕೇಳಿದರೆ ಆನೆ ಎಲ್ಲಿದೆ ಎಂದು ಅವರಿಗೆ ತಿಳಿಯುತ್ತದೆ. ಕೂಡಲೇ ಕೆಳಗಿನ ಮನೆಗಳಿಗೆಲ್ಲ ಒಟ್ಟಿಗೆ ಒಂದು ಎಸ್ಸೆಮ್ಮೆಸ್. ಆ ತಗ್ಗಿನಲ್ಲಿ ನೆಟ್ ಬರುವುದಿಲ್ಲ, ವಾಟ್ಸಾಪ್ ಸಂಜೆಯ ಹೊತ್ತಿಗೆ ತಲುಪಿದರೂ ತಲುಪಿತು. ಎಸ್ಸೆಮ್ಮೆಸ್ ಹೇಗೋ ನುಸುಳಿಕೊಂಡು ಹೋಗುತ್ತದೆ.

ಫೋನ್ ಮಾಡಬಾರದೇ ಎಂದು ನೀವು ಕೇಳುತ್ತೀರಿ. ಆನೆ ಹತ್ತಿರ ನಿಂತಿರುವಾಗ “ಹಲೋ, ಕೇಳ್ತದಾ?” ಎಂದು ಕೂಗಿ ನೋಡಿ, ಮತ್ತೆ ನನಗೆ ತಿಳಿಸಿ (ತಿಳಿಸುವ ಸ್ಥಿತಿಯಲ್ಲಿದ್ದರೆ).

ಬೆಳಕೂ ಮಾಡಬಾರದು. ಭಾವ ಫೋನನ್ನು ರೈನ್‌ಕೋಟಿನ ಕಿಸೆಯಿಂದ ಹೊರಗೆ ತೆಗೆಯುತ್ತಲೇ ಇರಲಿಲ್ಲ. ಒಳಗೆ ಕೈ ಹಾಕಿ, ಕತ್ತಲಲ್ಲಿ, ಹೆಬ್ಬೆರಳಿಗೆ ಸಿಗುವ ಬಟನ್ನುಗಳನ್ನು ತಡವಿಕೊಂಡೇ ‘ಆನೆ ಸಂಕದ ಹತ್ತಿರ’ (ಹಳ್ಳ ದಾಟುವ ಕಾಲುಸೇತುವೆ) ಎಂದು ಬರೆದು ಕಳಿಸುತ್ತಿದ್ದರು. ಕೈ ಒದ್ದೆಯಿದ್ದರೂ ನಡೆಯುತ್ತಿತ್ತು, ಕೆಸರಿದ್ದರೂ ನಡೆಯುತ್ತಿತ್ತು. ಅಕ್ಷರಗಳು ಸವೆದು ಬಟನ್ನುಗಳೆಲ್ಲ ಬೋಳಾಗಿದ್ದವು. ಬೆರಳಿಗೆ ಗೊತ್ತಿದ್ದುದರಿಂದ ಕಣ್ಣಿನ ಹಂಗು ಬೇಕಿರಲಿಲ್ಲ.

ವರ್ಷಗಟ್ಟಲೆ ಹೀಗೆ ನಡೆದು ಒಂದು ಕ್ರಮವಾಗಿಬಿಟ್ಟಿತ್ತು. ಭಾವನ ಮೆಸೇಜ್ ಬಂದರೆ ಮನೆಯಲ್ಲಿ ಕೂರು. ಬಾರದಿದ್ದರೆ ಹೊರಡು. ಬೇರೆ ಊರಿನವರು ಮೆಸೇಜ್ ಬಾರದಿದ್ದರೆ ನೆಟ್‌ವರ್ಕಿಗೆ ಬೈಯುತ್ತಾರೆ. ಇವರು ಮೆಸೇಜ್ ಬರಲಿಲ್ಲವೆಂದರೆ ದಾರಿ ಸಾಫ್ ಎಂದು ನಂಬಿಕೊಂಡಿದ್ದರು.

ಆ ಫೋನಿನ ಬ್ಯಾಟರಿ ಈ ಮಳೆಗಾಲದ ಮೊದಲು ಉಬ್ಬಿಕೊಂಡಿತು. ಪುತ್ತೂರಿನ ಅಂಗಡಿಗಳನ್ನು ನಾನು ಸುತ್ತಿದೆ, ಸುಳ್ಯದಲ್ಲಿ ಭಾವ ಸುತ್ತಿದರು. ಒಂದು ಕಡೆ ಡೂಪ್ಲಿಕೇಟ್ ಬ್ಯಾಟರಿ ಸಿಕ್ಕಿತು. ಅದು ಹಾಕಿದ ವಾರದಲ್ಲೇ ಒರಿಜಿನಲ್ಲಿಗಿಂತ ಚೆನ್ನಾಗಿ ಉಬ್ಬಿತು. ಕಂಪನಿಯವರು ಆ ಜಾತಿಯ ಫೋನು ಮಾಡುವುದನ್ನೇ ಯಾವತ್ತೋ ನಿಲ್ಲಿಸಿದ್ದರು.

“ನಂಬರ್ ಬಟನಿನ ಸಣ್ಣ ಸೆಟ್ ಸಿಗ್ತದಲ್ಲ ಭಾವ, ಅದು ತೆಕ್ಕೊಳ್ಳಿ” ಎಂದೆ.

“ಅದ್ರಲ್ಲಿ ಒಂದೊಂದು ಅಕ್ಷರಕ್ಕೆ ಮೂರು ಮೂರು ಸಲ ಒತ್ತುದು ಮಾರಾಯ್ತಿ. ಎಲ್ಲಿ ಉಂಟು ಅಂತ ಬರ್ದು ಮುಗಿಸುವಾಗ ಆನೆ ಊಟ ಮಾಡಿ ಕೈ ತೊಳ್ದು ಹೋಗಿರ್ತದೆ” ಎಂದರು ಭಾವ.

ಕೊನೆಗೆ ಟಚ್ ಫೋನೇ ಬಂತು. ವಾಟರ್‌ಪ್ರೂಫ್ ಎಂದು ಹೇಳಿ ಕೊಟ್ಟರಂತೆ. ನೀರಿಗೆ ಬಿದ್ದರೆ ಫೋನು ಸಾಯುವುದಿಲ್ಲ ಎಂಬುದಷ್ಟೇ ಅದರ ಅರ್ಥ. ಒದ್ದೆ ಬೆರಳಿನ ಮಾತನ್ನು ಅದು ಕೇಳುತ್ತದೆ ಎಂದು ಯಾರೂ ಹೇಳಿರಲಿಲ್ಲ. ಕೇಳುವುದೂ ಇಲ್ಲ.

ಆ ಬೆಳಗ್ಗೆ ಜಡಿಮಳೆ. ಭಾವ ತೋಟದ ಅಂಚಿನಲ್ಲಿದ್ದರು. ಕೆಳಗೆ ದಾರಿಯ ಬದಿಯಲ್ಲೇ ಬಾಳೆ ಮುರಿಯುವ ಸದ್ದು. ಫೋನು ತೆಗೆದರು. ಬೆರಳಚ್ಚು ಹಿಡಿಯಲಿಲ್ಲ. ಲಾಕ್ ತೆಗೆಯಲು ನಂಬರ್ ಒತ್ತಿದರೆ ಒತ್ತಿದ್ದೊಂದು, ಬಿದ್ದದ್ದೊಂದು. ಅಂಗಿಗೆ ಒರೆಸಿದರು, ಅಂಗಿಯೂ ಒದ್ದೆ. ಅಷ್ಟರಲ್ಲಿ ಸ್ಕ್ರೀನಿನ ಮೇಲೆ ಬಿದ್ದ ಮಳೆ ಹನಿಗಳು ತಮಗೆ ಬೇಕಾದುದನ್ನು ಒತ್ತತೊಡಗಿದವು. ಕ್ಯಾಮೆರಾ ತೆರೆಯಿತು, ಮುಚ್ಚಿತು. ಆಮೇಲೆ ಟಾರ್ಚ್ ಹತ್ತಿತು.

ಭಾವನ ಬೆರಳಿನ ಮಾತು ಕೇಳದ ಫೋನು ಮಳೆ ಹನಿಯ ಮಾತು ಕೇಳಿತು. ಇದಕ್ಕೆ ಏನು ಹೇಳುತ್ತೀರಿ?

ಬೆಳಕು ಕಂಡ ಆನೆ ತಿರುಗಿ ನಿಂತಿತು. ಭಾವ ಫೋನನ್ನು ಅಲ್ಲೇ ಎಸೆದು ಓಡಿದವರು ದನದ ಹಟ್ಟಿಯ ಹಿಂದೆ ಹೋಗಿ ಅಡಗಿದರು. ಮೆಸೇಜ್ ಹೋಗಲಿಲ್ಲ.

ಕೆಳಗಿನ ಮನೆಯ ಕಮಲಕ್ಕ ಎರಡು ದನ ಸಾಕಿಕೊಂಡು, ಅವುಗಳ ಹಾಲಿನಲ್ಲಿ ಸಂಸಾರ ನಡೆಸುವ ಹೆಂಗಸು. ಎಂದಿನ ಹೊತ್ತಿನವರೆಗೆ ಕಾದರು. ಮೆಸೇಜ್ ಇಲ್ಲ, ದಾರಿ ಸಾಫ್. ಕ್ಯಾನ್ ಹಿಡಿದು ಕೊಡೆ ಬಿಡಿಸಿ ಹೊರಟರು. ತಿರುವು ದಾಟಿದರೆ ಎದುರಿಗೆ ಆನೆ. ಕ್ಯಾನ್ ಬಿಟ್ಟು ಪಕ್ಕದ ತೋಟದಲ್ಲಿ ನೀರು ಹರಿಯುವ ಕಣಿಗೆ ಹಾರಿದರು. ಬಲಗೈ ಮುರಿಯಿತು. ಜೀವ ಉಳಿಯಿತು. ಆನೆ ಅವರನ್ನು ಬಿಟ್ಟು ಕ್ಯಾನನ್ನು ಮೆಟ್ಟಿ ಹೋಯಿತು.

ವಿಷಯ ತಿಳಿದು ನಾನು ಪುತ್ತೂರಿನಿಂದ ಬಸ್ಸು ಹತ್ತಿದೆ. ಕಮಲಕ್ಕ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಜಗಲಿಯಲ್ಲಿ ಕೂತಿದ್ದರು. ನನ್ನ ಜೊತೆ ಬಂದಿದ್ದ ಭಾವ ಮೆಟ್ಟಿಲ ಹತ್ತಿರವೇ ನಿಂತರು. ಕಮಲಕ್ಕ ಬೈಯುತ್ತಾರೆ ಎಂದು ನಾನು ಕಾದಿದ್ದೆ. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು.

“ಮೆಸೇಜ್ ಬರ್ಲಿಲ್ಲ ಅಲ್ವಾ, ಹಾಗೆ ಧೈರ್ಯದಲ್ಲಿ ಹೊರಟೆ. ನಿಮ್ಮ ಭಾವ ತಪ್ಪಿಸುದಿಲ್ಲ ಅಂತ ಗೊತ್ತುಂಟಲ್ಲ” ಎಂದರು ಕಮಲಕ್ಕ.

ವಾಪಸು ಬರುವಾಗ ಭಾವ ಗೇಟಿನ ಹತ್ತಿರ ನಿಂತು, “ಇಷ್ಟು ವರ್ಷದ ನಂಬಿಕೆ ಒಂದೇ ದಿನಕ್ಕೆ ಹೋಯ್ತು” ಎಂದರು. ನನಗೆ ಅಳು ಬಂತು. ಆಮೇಲೆ ಬಂದದ್ದು ಸಿಟ್ಟು. ಈವರೆಗೂ ಇಳಿದಿಲ್ಲ.

ಯಾರ ಮೇಲೆ ಸಿಟ್ಟು? ಆನೆಯ ಮೇಲಲ್ಲ, ಅದು ಫೋನು ಮಾರುವುದಿಲ್ಲ. ಎಲ್ಲೋ ಎಸಿ ರೂಮಿನಲ್ಲಿ, ಒಣಗಿದ ಕೈಗಳನ್ನಿಟ್ಟುಕೊಂಡು ಕೂತು, ಇನ್ನು ಮುಂದೆ ಜನರಿಗೆ ಬಟನ್ ಬೇಡ ಎಂದು ನಮ್ಮೆಲ್ಲರ ಪರವಾಗಿ ತೀರ್ಮಾನಿಸಿದರಲ್ಲ, ಅವರ ಮೇಲೆ. ನಿಮ್ಮನ್ನು ಕೇಳಿದರೇ? ನನ್ನನ್ನಂತೂ ಕೇಳಲಿಲ್ಲ. ಹಳೆಯ ಫೋನಿನಲ್ಲಿ ಕುಂದುಗಳಿದ್ದವು, ಒಪ್ಪೋಣ. ಹ್ಯಾಂಗ್ ಆಗುವುದನ್ನು ಸರಿ ಮಾಡಿ. ಕನ್ನಡ ಹಾಕಿ. ಒಳ್ಳೆಯ ಕ್ಯಾಮೆರಾ ಕೊಡಿ. ಅದನ್ನು ಬಿಟ್ಟು, ನೆಗಡಿ ಬಂತೆಂದು ಮೂಗನ್ನೇ ಕೊಯ್ದುಕೊಂಡರಲ್ಲ!

ಈಗ ಎಲ್ಲ ಕಂಪನಿಗಳೂ ಒಂದೇ ಗಾಜಿನ ತುಂಡಿಗೆ ಬೇರೆ ಬೇರೆ ಹೆಸರು ಹಾಕಿ ಮಾರುತ್ತಿವೆ. ಕ್ಯಾಮೆರಾ ನಾಲ್ಕು ಕೊಡುತ್ತಾರೆ, ನಾನು ಕೇಳಿರಲಿಲ್ಲ. ಕೇಳಿದ ಬಟನ್ ಕೊಡುವುದಿಲ್ಲ. ಇದಕ್ಕೆ ಅಪ್‌ಗ್ರೇಡ್ ಎಂದು ಹೆಸರು. ಒದ್ದೆ ಕೈಯವರು, ಮಣ್ಣು ಕೈಯವರು, ರಬ್ಬರ್ ಹಾಲು ಅಂಟಿದ ಬೆರಳಿನವರು ಇವರ ಲೆಕ್ಕದಲ್ಲಿ ಮನುಷ್ಯರಲ್ಲವೇ? ವರ್ಷದಲ್ಲಿ ಅರ್ಧ ಭಾಗ ಮಳೆ ಸುರಿಯುವ ಊರಿಗೆ ಮಳೆಯಲ್ಲಿ ನಡೆಯದ ಫೋನು ಕೊಟ್ಟು, ಅದನ್ನು ಸ್ಮಾರ್ಟ್ ಎಂದು ಕರೆಯಲು ಎಷ್ಟು ಧೈರ್ಯ ಬೇಕು?

(ಆನೆಯ ಬಗ್ಗೆ ತಿಳಿಸಲು ಆ್ಯಪ್ ಇದೆಯಲ್ಲ ಎಂದು ಒಬ್ಬ ಮಹಾಶಯರು ನನಗೆ ಬುದ್ಧಿ ಹೇಳಿದರು. ಇರಬಹುದು ಸ್ವಾಮಿ. ಅದನ್ನೂ ಒತ್ತಬೇಕಾದ್ದು ಇದೇ ಗಾಜನ್ನು.)

ಭಾವ ಕೈಕಟ್ಟಿ ಕೂರಲಿಲ್ಲ. ಕ್ರಮವನ್ನೇ ತಿರುಗಿಸಿದರು. ಒಂದು ಸಂಜೆ ಮನೆ ಮನೆಗೆ ಹೋಗಿ, “ಇನ್ನು ಮೇಲೆ ಮೆಸೇಜ್ ಬಂದ್ರೆ ಹೊರಡಿ. ಬಾರದಿದ್ರೆ ಯಾರೂ ಅಂಗಳಕ್ಕೂ ಇಳಿಯುದು ಬೇಡ” ಎಂದು ಹೇಳಿ ಬಂದರು. ಈಗ ಬೆಳಗ್ಗೆ ತೋಟದ ಅಂಚಿಗೆ ಹೋಗಿ ಕಿವಿಗೊಟ್ಟು, ಮನೆಗೆ ವಾಪಸು ಬಂದು, ಬೈರಾಸಿನಲ್ಲಿ ಕೈ ಒರೆಸಿ, ಜಗಲಿಯಲ್ಲಿ ಕೂತು, ಅಂದು ಎಸೆದು ಮತ್ತೆ ಹೆಕ್ಕಿಕೊಂಡ ಅದೇ ಫೋನಿನಲ್ಲಿ ‘ಆನೆ ಇಲ್ಲ’ ಎಂದು ಕಳಿಸುತ್ತಾರೆ. ಅಚ್ಚ ಕನ್ನಡದಲ್ಲೇ ಕಳಿಸುತ್ತಾರೆ, ಟಚ್ ಫೋನಿಗೆ ಆ ಒಂದು ಮರ್ಯಾದೆ ಸಲ್ಲಬೇಕು.

ಆದರೆ ಹೋದ ವಾರ ಒಂದು ದಿನ ಮೆಸೇಜ್ ಬರಲಿಲ್ಲ. ಎಲ್ಲರ ಹಾಲೂ ಮನೆಯಲ್ಲೇ ಉಳಿಯಿತು. ಹೆದರಿ ಬಾಗಿಲು ಹಾಕಿಕೊಂಡು ಕೂತರು. ಆನೆ ಬಂದಿರಲಿಲ್ಲ. ಫೋನು ತಾನಾಗಿಯೇ ಅಪ್‌ಡೇಟ್ ಆಗುತ್ತಿತ್ತಂತೆ. ದುಂಡಗಿನ ಗೆರೆಯೊಂದು ಸುತ್ತುತ್ತಲೇ ಇತ್ತು, ಭಾವ ಅದನ್ನು ನೋಡುತ್ತಲೇ ಕೂತಿದ್ದರು.

ಅದಾದರೂ ಹಾಲಿನ ನಷ್ಟ, ಹೋಗಲಿ ಎನ್ನಬಹುದು. ನಾನು ಹೆದರುವುದು ಬೇರೆ ಕಾರಣಕ್ಕೆ. ಭಾವ ಅಂಚಿನಿಂದ ಮನೆಗೆ ನಡೆದು, ಕೈ ಒರೆಸಿ, ಬರೆದು ಕಳಿಸುವಷ್ಟು ಹೊತ್ತು ಆನೆ ಏನು, ಕದಲದೆ ನಿಂತಿರುತ್ತದೆಯೇ? ‘ಆನೆ ಇಲ್ಲ’ ಎಂಬ ಆ ಸುದ್ದಿ ತಲುಪುವಾಗಲೇ ಹಳತಾಗಿರುತ್ತದೆ. ಇದು ಭಾವನಿಗೂ ಗೊತ್ತು, ಕಮಲಕ್ಕನಿಗೂ ಗೊತ್ತು.

ಮೊನ್ನೆ ಕಮಲಕ್ಕನ ಜೊತೆ ಮಾತಾಡಿದೆ. ಪ್ಲಾಸ್ಟರ್ ಬಿಚ್ಚಿದ್ದಾರೆ. ಬಲಗೈಯಲ್ಲಿ ಭಾರ ಎತ್ತಲು ಆಗುವುದಿಲ್ಲ. ಹೊಸ ಕ್ಯಾನನ್ನು ಎಡಗೈಯಲ್ಲಿ ಹಿಡಿದು ಮತ್ತೆ ಸೊಸೈಟಿಗೆ ಹೊರಟಿದ್ದಾರೆ.

“ಹೆದರಿಕೆ ಆಗುದಿಲ್ವಾ ಕಮಲಕ್ಕ?” ಎಂದು ಕೇಳಿದೆ.

“ಆಗ್ತದೆ. ಎಂತ ಮಾಡುದು, ದನ ಹಾಲು ಕೊಡುದು ನಿಲ್ಲಿಸ್ತದಾ?” ಎಂದರು.

ಅಂಗಡಿಯ ಮಹಾನುಭಾವನೇ, ಕೀಬೋರ್ಡ್ ಯಾರಿಗೆ ಬೇಕು ಎಂದು ಕೇಳಿದೆಯಲ್ಲ, ನಾಳೆ ಬೆಳಗ್ಗೆ ಕಮಲಕ್ಕನ ಕ್ಯಾನ್ ನೀನು ಹಿಡಿಯುತ್ತೀಯಾ?