ಒಡೆಯದೆ ವಾಪಸಾದ ದೀಪಗಳು

ಚರ್ರ್ ಎಂದು ಟೇಪು ಬಿಚ್ಚಿಕೊಳ್ಳುವ ಸದ್ದಿನೊಂದಿಗೆ ಆ ಮನೆಯ ಬೆಳಗು ಶುರುವಾಗುತ್ತಿತ್ತು. ಗೋಡೆ ದಾಟಿ ಪಕ್ಕದ ಮನೆಗೂ ಕೇಳುವ ಸದ್ದು. ಅದನ್ನು ಕೇಳಿ ಕೇಳಿ ಕಟ್ಟಡದ ಮಕ್ಕಳು ಆ ಮನೆಯ ಯಜಮಾನರಿಗೆ ಪಾರ್ಸಲ್ ಮಾಮ ಎಂದು ಹೆಸರಿಟ್ಟಿದ್ದರು. ದೊಡ್ಡವರ ಬಾಯಲ್ಲೂ ಅದೇ ನಿಂತಿತು.

ಮಾಮ ಅರ್ಧ ಆಯಸ್ಸನ್ನು ಒಂದು ದೀಪದ ಅಂಗಡಿಯಲ್ಲಿ ಕಳೆದವರು. ಗಿರಾಕಿ ಒಳಗೆ ಕಾಲಿಟ್ಟರೆ, ನಿಮ್ಮ ಮನೆಯ ಯಾವ ಮೂಲೆ ಕತ್ತಲಾಗಿದೆ ಎಂದು ಕೇಳುತ್ತಿದ್ದರೇ ಹೊರತು ಯಾವ ದೀಪ ಬೇಕೆಂದು ಕೇಳುತ್ತಿರಲಿಲ್ಲ. ಮಾಲೀಕ ಅಂಗಡಿ ಮುಚ್ಚಿದ ಮೇಲೆ, ಗೊತ್ತಿದ್ದದ್ದು ಅದೊಂದೇ ಆದ್ದರಿಂದ, ಮೊಬೈಲಿನಲ್ಲಿ ದೀಪದ ಅಂಗಡಿ ತೆರೆದರು. ದೊಡ್ಡದೊಂದು ಆನ್‌ಲೈನ್ ಮಾರುಕಟ್ಟೆ, ಅದರೊಳಗೆ ಲೆಕ್ಕವಿಲ್ಲದಷ್ಟು ಪುಟ್ಟ ಅಂಗಡಿಗಳು, ಅವುಗಳಲ್ಲಿ ಅವರದೂ ಒಂದು. ಮುಂದಿನ ಕೋಣೆಯ ಮಂಚವೇ ಗೋದಾಮಾಯಿತು.

ಕಷ್ಟ ಮಾರುವುದರಲ್ಲಿರಲಿಲ್ಲ, ತರುವುದರಲ್ಲಿತ್ತು. ಪೇಟೆಯಿಂದ ಚಿಲ್ಲರೆ ಬೆಲೆಗೆ ತಂದು ಮಾರಿದರೆ ಕೈಗೆ ಹತ್ತುತ್ತಿದ್ದುದು ರಟ್ಟಿನ ಧೂಳು ಮಾತ್ರ.

“ಚೆನ್ನಾಗಿದೆ ನಿಮ್ಮ ವ್ಯಾಪಾರ,” ಎನ್ನುತ್ತಿದ್ದಳು ಹೆಂಡತಿ, ಹಲ್ಲಿನ ಡಾಕ್ಟರ ಬಳಿಯ ಕೆಲಸಕ್ಕೆ ಹೊರಡುತ್ತಾ. “ಊರಿಗೆಲ್ಲಾ ಬೆಳಕು, ನಮಗೆ ಕರೆಂಟ್ ಬಿಲ್ಲು.”

“ಸಗಟು ವ್ಯಾಪಾರಿ ಒಬ್ಬ ಸಿಕ್ಲಿ ಇರು. ಆಮೇಲೆ ನೋಡು.”

ಸಗಟು ವ್ಯಾಪಾರಿ ಸಿಗುತ್ತಿರಲಿಲ್ಲ. ಸಗಟು ಎಂದು ಬೋರ್ಡು ಹಾಕಿಕೊಂಡವರು, ವಿಚಾರಿಸಿದರೆ, ಇನ್ನೊಬ್ಬರಿಂದ ತಂದು ಮಾರುವವರೇ. ಫೋನಿನಲ್ಲಿ ಸಕ್ಕರೆಯಂತೆ ಮಾತಾಡಿದವನೊಬ್ಬ, ಮುಂಗಡ ಕಳಿಸುವುದಿಲ್ಲ ಎಂದ ಕೂಡಲೇ ಮಾಯವಾದ. ಕಡೆಗೆ ನಿಜವಾದ ಕಾರ್ಖಾನೆಯೊಂದು ಸಿಕ್ಕಿತು. “ಲಾರಿ ತುಂಬ ತಗೋತೀರಾ?” ಎಂದ ಅಲ್ಲಿಯ ಮ್ಯಾನೇಜರು. “ಮಂಚದ ತುಂಬ,” ಎಂದರು ಮಾಮ. ಆತ ನಗುತ್ತಲೇ ಫೋನಿಟ್ಟ.

ದಾರಿ ತೋರಿಸಿದವನು ದಿನಾ ಪಾರ್ಸಲ್ ಒಯ್ಯಲು ಬರುವ ಕೊರಿಯರ್‌ನವನು.

“ಅಯ್ಯೋ ಮಾಮ, ಎಲ್ಲೆಲ್ಲಿ ಹುಡುಕ್ತೀರಾ? ಚೆನ್ನಾಗಿ ಮಾರೋರ ಹತ್ರ ಗಿರಾಕಿ ಥರ ನೀವೇ ಒಂದು ತರಿಸ್ಕೊಳ್ಳಿ. ತಳದಲ್ಲಿ ಎಲ್ಲಾದ್ರೂ ಗೋದಾಮಿನ ಮುದ್ರೆ ಇರುತ್ತೆ. ನೋಡ್ಕೊಂಡು ವಾಪಸ್ ಕಳಿಸಿ.”

“ಸುಮ್ಸುಮ್ನೆ ವಾಪಸ್ ಕಳಿಸಿದ್ರೆ ಸಾಗಣೆ ಖರ್ಚು ನನ್ನ ತಲೆಗೇ ಬರುತ್ತಲ್ಲಪ್ಪ.”

“ಬೇಡ ಅಂತ ಯಾಕೆ ಹಾಕ್ತೀರಾ? ಒಡೆದಿದೆ ಅಂತ ಹಾಕಿ. ಪುಕ್ಕಟೆ.”

ಬಟ್ಟೆಯ ಮುಸುಕಿನ ಪುಟ್ಟ ಮೇಜುದೀಪಗಳನ್ನು ಮಾರುವ ಅಂಗಡಿಯೊಂದನ್ನು ಮಾಮ ಆರಿಸಿಕೊಂಡರು. ಅದಕ್ಕೆ ಹೆಸರಿತ್ತು, ಮುಖವಿರಲಿಲ್ಲ. ಪೆಟ್ಟಿಗೆ ಬಂದಾಗ ಬಿಚ್ಚುವ ಕೈ ತಡೆಯಿತು. ಹಸುಗೂಸಿಗೆ ಹೊದಿಸಿದ ಹಾಗೆ ಕಾಗದ ಸುತ್ತಿದ್ದರು. ಒಳಗೊಂದು ಕೈಬರಹದ ಚೀಟಿ: ‘ಮೊದಲ ಸಲ ಹಚ್ಚಿದಾಗ ಸ್ವಲ್ಪ ವಾಸನೆ ಬರುತ್ತೆ. ಹೆದರಬೇಡಿ.’ ಮಾಮ ಹಚ್ಚಿದರು. ಸ್ವಲ್ಪ ವಾಸನೆ ಬಂತು. ಆಮೇಲೆ ಕೋಣೆಯ ತುಂಬ ಜೇನಿನ ಬಣ್ಣ ಇಳಿಯಿತು.

“ಎಷ್ಟು ಚೆಂದ ಉರೀತಿದೆ! ಇಟ್ಕೊಳ್ಳೋಣ್ವಾ?” ಎಂದಳು ಹೆಂಡತಿ.

“ವಾಪಸ್ ಹೋಗ್ಬೇಕು.”

“ಯಾಕೆ?”

ಮಾಮ ಮೊಬೈಲಿನಲ್ಲಿ ಕಾರಣ ಆರಿಸುತ್ತಿದ್ದರು. ಅವಳು ಬಗ್ಗಿ ನೋಡಿದಳು. ‘ಒಡೆದಿದೆ’ ಎಂಬುದರ ಮುಂದೆ ಗುರುತು ಬಿದ್ದಿತ್ತು. ಮತ್ತೇನೂ ಕೇಳದೆ ದೀಪ ಆರಿಸಿ ಒಳಗೆ ಹೋದಳು.

ತಳದ ಮುದ್ರೆ ಅರ್ಧ ಅಳಿಸಿತ್ತು. ಅದೇ ಅಂಗಡಿಯಿಂದ ಇನ್ನೊಂದು ತರಿಸಿದರು, ಆಮೇಲೆ ಬೇರೆ ನಮೂನೆಯದು. ಹೀಗೆ ಐದಾರು ದೀಪಗಳು ಬಂದು, ಉರಿದು, ಒಡೆದವೆಂಬ ಹೆಸರು ಹೊತ್ತು ಹೋದವು. ಕೊನೆಯದರ ತಳದಲ್ಲಿ ಗೋದಾಮಿನ ವಿಳಾಸ ಸ್ಪಷ್ಟವಾಗಿತ್ತು.

ಗೋದಾಮು ಮರದ ಅಡ್ಡೆಯ ಹಿಂದಿತ್ತು. ಉದ್ದನೆಯ ತಗಡಿನ ಮಾಡು, ಸೂರು ಮುಟ್ಟುವ ಪೆಟ್ಟಿಗೆಗಳು. ದೀಪದ ಅಂಗಡಿಯಲ್ಲಿ ಇಷ್ಟು ವರ್ಷ ಇದ್ದವನು ಎಂದು ಮಾಮ ಹೇಳಿಕೊಂಡರು. ಯಜಮಾನ ತಲೆಯೆತ್ತಲಿಲ್ಲ.

“ನಮ್ಮ ಹತ್ರ ತಗೊಳ್ಳೋರು ಯಾರಾದ್ರೂ ನಿಮ್ಮನ್ನ ಬಲ್ಲರಾ? ಗುರುತಿಲ್ದೋರಿಗೆ ನಾನು ಮಾಲು ಕೊಡಲ್ಲ.”

ಮಾಮ ವಿಳಾಸದ ಚೀಟಿ ಮಡಿಸುತ್ತಾ ನಿಂತರು. ಹಿಂದಿನಿಂದ, ತುಂಬಿದ ಕೈಗಾಡಿ ತಳ್ಳಿಕೊಂಡು ಬರುತ್ತಿದ್ದ ಹೆಂಗಸೊಬ್ಬಳು ಏದುಸಿರಿನಲ್ಲೇ ಹೇಳಿದಳು: “ನಾನು ಬಲ್ಲೆ. ಕೊಡಿ ಅವರಿಗೆ.”

“ಯಾರಮ್ಮ ಇವರು?”

“ನಮ್ಮಣ್ಣ ಅಂದ್ಕೊಳ್ಳಿ.”

ಯಜಮಾನ ಗೊಣಗಿಕೊಂಡು ಒಪ್ಪಿದ. ಹೊರಗೆ ಬಂದ ಮೇಲೆ ಮಾಮ, “ನೀವು ನನ್ನ ನೋಡೇ ಇಲ್ವಲ್ಲಮ್ಮ,” ಎಂದರು.

“ಮೊದಲ ದಿನ ನಾನೂ ಅಲ್ಲೇ ಹೀಗೇ ನಿಂತಿದ್ದೆ ಅಣ್ಣ. ಬಲ್ಲೆ ಅನ್ನೋಕೆ ಯಾರೂ ಇರ್ಲಿಲ್ಲ. ವಾರಗಟ್ಲೆ ಅಲೆಸಿದ ಪುಣ್ಯಾತ್ಮ.” ಆಕೆ ನಕ್ಕಳು. “ನಿಮಗಾದ್ರೂ ಒಳ್ಳೇದಾಗ್ಲಿ. ನನ್ನ ಅಂಗಡಿಗಂತೂ ಬೀಗ ಬಿತ್ತು. ಉಳಿದ ಮಾಲು ಹಿಂದೆ ತಗೊಳ್ಳಿ ಅಂತ ಕೇಳೋಕೆ ಬಂದೆ, ಆಗಲ್ಲ ಅಂದ.”

“ಬೀಗ ಯಾಕೆ?”

“ಒಡೆದಿದೆ, ಒಡೆದಿದೆ ಅಂತ ಸಾಲಾಗಿ ವಾಪಸ್ ಬಂತು. ಪ್ಯಾಕಿಂಗ್ ಸರಿ ಇಲ್ಲ ಅಂತ ಆನ್‌ಲೈನ್ ಕಂಪನಿಯೋರು ಮುಚ್ಚಿಸಿದ್ರು. ಬಿಚ್ಚಿ ನೋಡಿದ್ರೆ ಒಂದೂ ಒಡೆದಿಲ್ಲ! ಕಳಿಸಿದ್ದು ಯಾರೂಂತ ಹೇಗೆ ಗೊತ್ತಾಗ್ಬೇಕು, ಪೆಟ್ಟಿಗೆಗೆ ಅಂಟಿಸಿದ ಚೀಟಿ ಮೇಲೆ ಬರೀ ಗೆರೆ, ನಂಬರು.”

ಕೈಗಾಡಿಯ ಮೇಲಿನ ಪೆಟ್ಟಿಗೆಯೊಂದರ ಬಾಯಿ ತೆರೆದಿತ್ತು. ಕಾಗದದ ನಡುವೆ ‘ಹೆದರಬೇಡಿ’ ಎಂಬ ಅಕ್ಷರಗಳು ಇಣುಕುತ್ತಿದ್ದವು. ಮಾಮ ಕಣ್ಣು ಬೇರೆಡೆ ಹೊರಳಿಸಿದರು.

“ನೀವು ದೀಪದ ಅಂಗಡೀಲಿದ್ದೋರು ಅಂದ್ರಲ್ಲ ಅಣ್ಣ. ಒಂದ್ಸಲ ಮನೆಗೆ ಬಂದು ನಾನು ಕಟ್ಟೋದನ್ನ ನೋಡಿ. ತಪ್ಪೆಲ್ಲಿದೆ ಹೇಳಿ, ತಿದ್ಕೋತೀನಿ.”

ಮಾಮ ಆಕೆಯ ಜೊತೆ ಕೈಗಾಡಿ ತಳ್ಳುತ್ತಾ ನಡೆದರು.

ಆಕೆಯ ಮನೆ ಮಹಡಿಯ ಮೇಲೆ. ಕಿಟಕಿಯ ಬಳಿ ಕುರ್ಚಿಯಲ್ಲಿ ಅತ್ತೆ ಕೂತಿದ್ದರು. ಆಕೆ ದೀಪವನ್ನು ಕಾಗದದಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು, ಟೇಪು ಹಾಕಿ, ಬಾಗಿಲಿನಾಚೆ ಒಯ್ದು ಮೆಟ್ಟಿಲ ಮೇಲಿಂದ ತಳ್ಳಿಬಿಟ್ಟಳು. ಪೆಟ್ಟಿಗೆ ದಡಬಡ ಉರುಳಿತು.

“ದಿನಾ ಇದೇ ಆಟ,” ಎಂದರು ಅತ್ತೆ. “ಮೊನ್ನೆ ಕೆಳಗಿನ ಮನೆಯೋರು ಭೂಕಂಪ ಅಂತ ಆಚೆ ಓಡಿ ಬಂದಿದ್ರು. ಗಂಡ ಊರಲ್ಲಿಲ್ಲ, ಇವಳಿಗೆ ತಲೆ ಕೆಟ್ಟಿದೆ ಅಂದ್ಕೊಂಡಿದ್ದಾರೆ.”

“ಸುಮ್ನಿರಿ ಅತ್ತೆ.” ಆಕೆ ಪೆಟ್ಟಿಗೆ ಎತ್ತಿ ತಂದು, ಬಿಚ್ಚಿ, ಹಚ್ಚಿದಳು. ಅದೇ ಜೇನಿನ ಬಣ್ಣ. “ನೋಡಿ, ಒಡೆಯೋದೇ ಇಲ್ಲ. ಹಾಗಾದ್ರೆ ತಪ್ಪೆಲ್ಲಿ ಅಣ್ಣ?”

ಆಗ ಹೇಳಬಹುದಿತ್ತು. ಮಾಮ ಬಾಯಿ ತೆರೆದದ್ದೂ ಹೇಳಲಿಕ್ಕೇ. ಹೊರಬಿದ್ದದ್ದು ಬೇರೆ.

“ಮೂಲೆಗೆ... ಮೂಲೆಗೆ ಇನ್ನೊಂದು ಪದರ ಕಾಗದ ಇಟ್ಟಿದ್ರೆ ಚೆನ್ನಾಗಿರ್ತಿತ್ತು.”

“ಮೂಲೆ!” ಆಕೆಯ ಮುಖ ಅರಳಿತು. “ಕೇಳಿದ್ರಾ ಅತ್ತೆ? ಮೂಲೆಯಂತೆ! ನಾನು ಎಲ್ಲಾ ಕಡೆ ನೋಡ್ದೆ, ಮೂಲೆ ನೋಡ್ಲಿಲ್ಲ.”

ಬಯ್ದಿದ್ದರೆ ತಡೆದುಕೊಳ್ಳಬಹುದಿತ್ತೇನೋ. ಆ ನೆಮ್ಮದಿಯನ್ನು ನೋಡುತ್ತಾ ಕೂರುವುದು ಕಷ್ಟವಾಯಿತು. ಆಕೆ ಖುಷಿಯಲ್ಲೇ ಹೇಳುತ್ತಿದ್ದಳು: ವಾಪಸ್ ಕಳಿಸಿದ ಗಿರಾಕಿಯೇ ತಪ್ಪಾಯಿತೆಂದು ಬರೆದರೆ ಕಂಪನಿ ಬೀಗ ತೆಗೆಯುತ್ತದಂತೆ, ಇಲ್ಲವೆಂದರೆ ತಾನೇ ತಪ್ಪೊಪ್ಪಿಕೊಂಡು ಬರೆಯಬೇಕಂತೆ, ಆಗ ಯೋಚಿಸುತ್ತಾರಂತೆ. ಯಾವುದಾದರೂ ಈ ವಾರದೊಳಗೆ.

“ಗಿರಾಕಿ ಎಲ್ಲಿ ಬರೀತಾರೆ ಅಣ್ಣ? ನಾನೇ ಬರೀತೀನಿ.”

ಆ ಗಿರಾಕಿಯೂ ಪಾರ್ಸಲ್ ಮಾಮನ ಅಂಗಡಿಯೂ ಇದ್ದದ್ದು ಒಂದೇ ಫೋನ್ ನಂಬರಿನಲ್ಲಿ. ಸುಳ್ಳು ಕಾರಣ ಕೊಟ್ಟವರ ಅಂಗಡಿಯನ್ನು ಕಂಪನಿ ಉಳಿಸುವುದಿಲ್ಲ. ಅದೂ ಈಗ, ಗೋದಾಮಿನ ಮಾಲು ಬಂದು, ಮಂಚ ತುಂಬಿ, ಟೇಪಿನ ಸದ್ದು ಮಧ್ಯಾಹ್ನದವರೆಗೂ ನಿಲ್ಲದಿರುವಾಗ. ಅದೇ ಮೇಜುದೀಪಗಳು. ಆಕೆಯ ಬಾಗಿಲು ಮುಚ್ಚಿದ್ದರಿಂದ ಇತ್ತ ತಿರುಗಿದ ಗಿರಾಕಿಗಳು. ಒಂದೊಂದು ಪೆಟ್ಟಿಗೆಗೆ ಟೇಪು ಎಳೆಯುವಾಗಲೂ ಯಾರದೋ ಬಾಯಿ ಮುಚ್ಚಿದ ಹಾಗೆ ಮಾಮನಿಗೆ ಅನ್ನಿಸುತ್ತಿತ್ತು.

ಒಂದು ಬೆಳಗ್ಗೆ ಹೆಂಡತಿಗೆ ಎಲ್ಲವನ್ನೂ ಹೇಳಿದರು. ಅವಳು ಚಪ್ಪಲಿ ಮೆಟ್ಟುತ್ತಿದ್ದವಳು ನಿಂತಳು.

“ನಾನು ಬರೆದ್ರೆ ನಮ್ಮ ಅಂಗಡಿ ಹೋಗುತ್ತೆ.”

“ಹೋಗ್ಲಿ ಅಂತ ನಾನು ಹೇಳಲ್ಲ. ಬರೀಬೇಡಿ ಅಂತಾನೂ ಹೇಳಲ್ಲ. ನನ್ನ ಬಾಯಿಂದ ಅನ್ನಿಸ್ಬೇಡಿ.” ಬಾಗಿಲ ತನಕ ಹೋದವಳು ತಿರುಗಿದಳು. “ಅವತ್ತು ದೀಪ ಆರಿಸ್ದೆ ನೋಡಿ, ಅವತ್ತೇ ನಾನೂ ಬಾಯಿ ಬಿಡ್ಬೇಕಿತ್ತು.”

ಅವಳು ಹೋದ ಮೇಲೆ ಮಾಮ ಮಂಚದ ಅಂಚಿನಲ್ಲಿ ಕೂತು ಮೊಬೈಲಿನಲ್ಲಿ ಕಂಪನಿಗೆ ಬರೆದರು. ಬರೆದದ್ದನ್ನು ಕಳಿಸಲಿಲ್ಲ. ಮೊಬೈಲು ಜೇಬಿಗೆ ಹಾಕಿಕೊಂಡು ದೀಪದ ಹೆಂಗಸಿನ ಮನೆಗೆ ನಡೆದರು.

“ಅಣ್ಣ, ಸರಿಯಾದ ಹೊತ್ತಿಗೆ ಬಂದ್ರಿ! ಈಗ ಕಳಿಸೋಳಿದ್ದೆ. ಓದಿ.” ಬಾಗಿಲಲ್ಲೇ ಮೊಬೈಲು ಮುಂದೆ ಹಿಡಿದಳು. ‘ಮೂಲೆಗಳಿಗೆ ಸಾಕಷ್ಟು ಕಾಗದ ಇಡದೆ ಕಳಿಸಿದ್ದು ನನ್ನದೇ ತಪ್ಪು. ಅನುಭವಿಗಳೊಬ್ಬರು ತೋರಿಸಿಕೊಟ್ಟಿದ್ದಾರೆ. ದಯವಿಟ್ಟು ಕ್ಷಮಿಸಿ.’

“ಕಳಿಸ್ಬೇಡಿ.”

“ಯಾಕೆ? ಇನ್ನೂ ಸ್ವಲ್ಪ ಬೇಡ್ಕೋಬೇಕಾ?”

“ಆ ದೀಪಗಳನ್ನ ತರಿಸಿದ್ದು ನಾನು. ಒಡೆದಿರ್ಲಿಲ್ಲ. ಗೋದಾಮು ಎಲ್ಲಿದೆ ಅಂತ ತಿಳೀಬೇಕಿತ್ತು, ಅದಕ್ಕೆ.”

ತಮಾಷೆಯೆಂದುಕೊಂಡು ಆಕೆ ನಕ್ಕಳು. ನಗು ಅರ್ಧಕ್ಕೆ ನಿಂತಿತು.

“ಎಲ್ಲಾನಾ?”

“ಎಲ್ಲಾ.”

“ಏನಂತೆ?” ಎಂದು ಒಳಗಿನಿಂದ ಅತ್ತೆ ಕೂಗಿದರು. ಮಾಮ ಜೇಬಿನಿಂದ ಮೊಬೈಲು ತೆಗೆದು, ಬರೆದಿಟ್ಟದ್ದನ್ನು ಆಕೆಯ ಕಣ್ಣೆದುರೇ ಕಂಪನಿಗೆ ಕಳಿಸಿದರು.

“ಗೋದಾಮಿನ ವಿಳಾಸಕ್ಕಾ?” ಆಕೆಯ ದನಿ ತೀರ ಸಣ್ಣದಾಗಿತ್ತು. “‘ಅಂಗಡಿಯವರನ್ನ ಕೇಳಿ’ ಅಂತ ಮೊಬೈಲಲ್ಲೇ ಒಂದು ಜಾಗ ಇರುತ್ತಲ್ಲ ಅಣ್ಣ. ಒಂದು ಮಾತು ಬರೆದಿದ್ರೆ ನಾನೇ ಹೇಳ್ತಿದ್ದೆ.”

ಹೇಳುತ್ತಿದ್ದಳು. ಅದು ಮಾಮನಿಗೆ ಚೆನ್ನಾಗಿ ಗೊತ್ತಿತ್ತು.

“ಅದಿರ್ಲಿ. ಮತ್ತೆ ಮೂಲೆ ಅಂದ್ರಲ್ಲ? ಇಲ್ಲೇ ಕೂತ್ಕೊಂಡು, ನನ್ನ ಮುಖ ನೋಡ್ಕೊಂಡು, ಮೂಲೆಗೆ ಕಾಗದ ಸಾಲ್ದು ಅಂದ್ರಲ್ಲ, ಅದು? ಅವತ್ತಿಂದ ಎಲ್ಲಾ ಬಿಚ್ಚಿ ಬಿಚ್ಚಿ ಮತ್ತೆ ಕಟ್ತಾ ಇದೀನಿ. ಅದಾದ್ರೂ ನಿಜಾನಾ? ಅಣ್ಣ, ನಿಮ್ಮನ್ನೇ ಕೇಳ್ತಿರೋದು. ಆ ಮೂಲೆ...”

ಮಾಮ ಆಗಲೇ ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿಯುತ್ತಿದ್ದರು.